ಹಲ್ಲಿನ ಖರ್ಚು: ಲಂಡನ್ನಿನಲ್ಲಿ ಅದು ನಡೆದು ಬಂದ ದಾರಿ



'ಹಲ್ಲಿದ್ದವನಿಗೆ ಕಡಲೆಯಿಲ್ಲ, ಕಡಲೆಯಿದ್ದವನಿಗೆ ಹಲ್ಲಿಲ್ಲ' ಎಂಬ ಗಾದೆಯನ್ನು ಕೇಳದೆ ಬೆಳೆದವರು ನಮ್ಮಲ್ಲಿ ಯಾರೂ ಇರಲಾರರು. ಈ ಊರಿಗೆ ಬಂದ ಮೇಲೆ ಕಡಲೆಗೇನೂ ಕೊರತೆಯಾಗಲಿಲ್ಲ. ಹಲ್ಲನ್ನು ಉಳಿಸಿಕೊಳ್ಳುವುದೇ ದುಬಾರಿಯ ಕೆಲಸವಾಯಿತು. ಯುಗಾದಿಯ ಕೂಟವಿರಲಿ, ದೀಪಾವಳಿಯದಿರಲಿ, ಊಟದ ಸಾಲಿನಲ್ಲಿ ಒಂದು ಮಾತು ಕಿವಿಗೆ ಬಿದ್ದೇ ಬೀಳುತ್ತದೆ: "ಈ ಹಲ್ಲನ್ನು ಡಿಸೆಂಬರಿನಲ್ಲಿ ಬೆಂಗಳೂರಿಗೆ ಹೋದಾಗ ತೋರಿಸಿದರಾಯಿತು ಬಿಡಿ. ಇಲ್ಲಿ ಯಾರು ದುಡ್ಡು ಸುರಿಯುತ್ತಾರೆ?"

ಈ ಮಾತಿನಲ್ಲಿ ವಿವೇಕವೂ ಇದೆ, ಅಪಾಯವೂ ಇದೆ. ಎರಡನ್ನೂ ಬೇರ್ಪಡಿಸಿ ನೋಡಬೇಕಾದರೆ ಹಲ್ಲಿನ ಬಿಲ್ಲು ಈ ದೇಶದಲ್ಲಿ ಹೇಗೆ ಹುಟ್ಟಿತು, ಯಾರು ಅದನ್ನು ಕಟ್ಟುತ್ತ ಬಂದರು ಎಂಬ ಚರಿತ್ರೆಯನ್ನು ಸ್ವಲ್ಪ ತಿಳಿದಿರಬೇಕು. ಆ ಚರಿತ್ರೆ ಹೇಳುವುದು ಒಂದೇ ಮಾತು: ಹಲ್ಲಿನ ವಿಷಯದಲ್ಲಿ ಮುಂದೂಡಿದ ಖರ್ಚು ಉಳಿತಾಯವಲ್ಲ, ಅದು ಬಡ್ಡಿಯ ಸಾಲ. ಬಡವರು ಆ ಬಡ್ಡಿ ಕಟ್ಟಿದ್ದಾರೆ, ಸರ್ಕಾರಗಳೂ ಕಟ್ಟಿವೆ. ನಮ್ಮ ಮನೆಗಳಲ್ಲೂ ಕೆಲವರು ಕಟ್ಟುತ್ತಿದ್ದಾರೆ.

ಕ್ಷೌರಿಕನ ಇಕ್ಕಳದಿಂದ ರಬ್ಬರಿನ ದವಡೆಯವರೆಗೆ

ಹಳೆಯ ಲಂಡನ್ನಿನಲ್ಲಿ ಹಲ್ಲು ನೋವಿಗೆ ಇದ್ದ ಮದ್ದು ಕೀಳುವುದೊಂದೇ. ಕ್ಷೌರಿಕರು, ಕಮ್ಮಾರರು, ಸಂತೆಯಲ್ಲಿ ನಿಂತು ಕೂಗುವ ಹಲ್ಲು ಕೀಳುವವರು, ಯಾರ ಕೈಯಲ್ಲಿ ಇಕ್ಕಳವಿತ್ತೋ ಅವರೇ ವೈದ್ಯರು. ಹಣವಂತರು ಮಾತ್ರ ಕಿತ್ತ ಹಲ್ಲಿನ ಜಾಗಕ್ಕೆ ಇನ್ನೊಂದನ್ನು ಕೂಡಿಸಿಕೊಳ್ಳುತ್ತಿದ್ದರು. ದಂತದಲ್ಲಿ ಕೊರೆದ ದವಡೆಗೆ ಮನುಷ್ಯರದೇ ಹಲ್ಲುಗಳನ್ನು ಜೋಡಿಸುವ ಪದ್ಧತಿಯಿತ್ತು. 1815ರ ವಾಟರ್ಲೂ ಕದನದ ನಂತರ ಸತ್ತ ಸಿಪಾಯಿಗಳ ಬಾಯಿಂದ ಕಿತ್ತ ಹಲ್ಲುಗಳು ಮಾರಾಟಕ್ಕೆ ಬಂದವು. ಅಂಥ ಹಲ್ಲುಗಳಿಗೆ 'ವಾಟರ್ಲೂ ಹಲ್ಲು' ಎಂಬ ಹೆಸರೇ ಬಿತ್ತು. ಆ ಕದನ ಗೆದ್ದ ವೆಲಿಂಗ್ಟನ್ ದೊರೆ ಬೇರೆ ಯಾರೂ ಅಲ್ಲ, 1799ರಲ್ಲಿ ಟಿಪ್ಪು ಮಡಿದ ಮೇಲೆ ನಮ್ಮ ಶ್ರೀರಂಗಪಟ್ಟಣದ ಆಡಳಿತ ವಹಿಸಿಕೊಂಡ ಆರ್ಥರ್ ವೆಲ್ಲೆಸ್ಲಿಯೇ.

ನೋವಿಲ್ಲದೆ ಹಲ್ಲು ಕೀಳುವ ಭಾಗ್ಯ ಲಂಡನ್ನಿಗೆ ಬಂದದ್ದು 1846ರ ಡಿಸೆಂಬರ್ 19ರಂದು. ಗೋವರ್ ಸ್ಟ್ರೀಟಿನ ಒಂದು ಮನೆಯಲ್ಲಿ ಜೇಮ್ಸ್ ರಾಬಿನ್‌ಸನ್ ಎಂಬ ದಂತವೈದ್ಯರು ಈಥರ್ ಮೂಸಿಸಿ ಒಬ್ಬ ಯುವತಿಯ ಹಲ್ಲು ಕಿತ್ತರು. 1858ರಲ್ಲಿ ಸೋಹೋ ಸ್ಕ್ವೇರಿನಲ್ಲಿ ಲಂಡನ್ ದಂತ ಆಸ್ಪತ್ರೆ ತೆರೆಯಿತು. 1878ರ ಕಾಯಿದೆ ದಂತವೈದ್ಯರ ಪಟ್ಟಿ ಮಾಡಿತಾದರೂ ಪಟ್ಟಿಯಲ್ಲಿಲ್ಲದವರ ಇಕ್ಕಳವನ್ನು ಕಸಿದುಕೊಳ್ಳಲಿಲ್ಲ. ಆ ಬಾಗಿಲು ಮುಚ್ಚಿದ್ದು 1921ರ ಕಾಯಿದೆ. ಆಗಲೂ ಹಲವು ವರ್ಷಗಳಿಂದ ಕಸುಬು ನಡೆಸುತ್ತಿದ್ದವರನ್ನು ಹೊರಗೆ ಹಾಕದೆ ಪಟ್ಟಿಗೆ ಸೇರಿಸಿಕೊಂಡರು.

ಇತ್ತ ಹುಳುಕು ಮಾತ್ರ ಹೆಚ್ಚುತ್ತಲೇ ಹೋಯಿತು. 1874ರಲ್ಲಿ ಸಕ್ಕರೆಯ ಮೇಲಿನ ಸುಂಕವನ್ನು ತೆಗೆದುಹಾಕಿದ ಮೇಲೆ ಸಕ್ಕರೆ ಬಡವರ ಚಹಾಕ್ಕೂ ಬ್ರೆಡ್ಡಿನ ಮೇಲಿನ ಜಾಮಿಗೂ ಧಾರಾಳವಾಗಿ ಇಳಿಯಿತು. 1850ರ ದಶಕದಲ್ಲಿ ಗಟ್ಟಿ ರಬ್ಬರಿನ ದವಡೆಗಳು ಬಂದು ಕಟ್ಟಿಸಿದ ಹಲ್ಲು ಅಗ್ಗವಾಗಿತ್ತು. ಇವೆರಡೂ ಸೇರಿ ಒಂದು ವಿಚಿತ್ರ ಉಳಿತಾಯದ ಲೆಕ್ಕವನ್ನು ಹುಟ್ಟುಹಾಕಿದವು. ಹುಳುಕಾದ ಒಂದೊಂದೇ ಹಲ್ಲಿಗೆ ಜೀವಮಾನವಿಡೀ ದುಡ್ಡು ಕೊಡುವುದಕ್ಕಿಂತ ಎಲ್ಲವನ್ನೂ ಒಮ್ಮೆಗೇ ಕೀಳಿಸಿ ಸೆಟ್ಟು ಹಾಕಿಸಿಕೊಂಡರೆ ಮುಗಿಯಿತು ಎಂಬುದು ಆ ಲೆಕ್ಕ. ಇಪ್ಪತ್ತನೆಯ ಶತಮಾನದ ಮಧ್ಯದವರೆಗೂ ಬ್ರಿಟನ್ನಿನ ಅನೇಕ ಕಡೆ ದುಡಿಯುವ ಕುಟುಂಬಗಳಲ್ಲಿ ಹುಡುಗಿಗೆ ಇಪ್ಪತ್ತೊಂದು ತುಂಬಿದಾಗಲೋ ಮದುವೆಯ ಮುಂಚೆಯೋ ಅವಳ ಹಲ್ಲುಗಳನ್ನೆಲ್ಲ ಕೀಳಿಸಿ ಕಟ್ಟಿಸಿದ ಹಲ್ಲನ್ನು ಉಡುಗೊರೆಯಾಗಿ ಕೊಡುವುದಿತ್ತು. ಗಂಡನ ಮನೆಗೆ ಹಲ್ಲಿನ ಖರ್ಚು ಹೊರಿಸದೆ ಕಳಿಸುವುದು ತವರಿನ ಉಪಕಾರವೆಂದು ಎಣಿಸುತ್ತಿದ್ದರು. ಮದುಮಗಳಿಗೆ ಬಂಗಾರ ಹಾಕುವ ನಾಡಿನವರಾದ ನಮಗೆ ಇದನ್ನು ಕೇಳಿದರೆ ಹೊಟ್ಟೆಯಲ್ಲಿ ಏನೋ ಆಗುತ್ತದೆ.

ಮಕ್ಕಳ ಬಾಯಿಗೆ ಬೆಳಕು

ಬೋಯರ್ ಯುದ್ಧದ ಕಾಲದಲ್ಲಿ ಸೈನ್ಯಕ್ಕೆ ಸೇರಲು ಬಂದ ಯುವಕರಲ್ಲಿ ಎಷ್ಟೋ ಜನರನ್ನು ಹಲ್ಲು ಕೆಟ್ಟಿದೆ ಎಂಬ ಕಾರಣಕ್ಕೇ ಹಿಂದಕ್ಕೆ ಕಳಿಸಬೇಕಾಯಿತು. ಆಗ ರಾಜ್ಯಕ್ಕೆ ಎಚ್ಚರವಾಯಿತು. 1907ರ ಶಿಕ್ಷಣ ಕಾಯಿದೆ ಶಾಲಾ ಮಕ್ಕಳ ವೈದ್ಯಕೀಯ ತಪಾಸಣೆಗೆ ದಾರಿ ಮಾಡಿತು. ಆಗ್ನೇಯ ಲಂಡನ್ನಿನ ಡೆಟ್‌ಫರ್ಡ್‌ನಲ್ಲಿ 1910ರಲ್ಲಿ ಮಾರ್ಗರೆಟ್ ಮತ್ತು ರೇಚಲ್ ಮೆಕ್‌ಮಿಲನ್ ಎಂಬ ಅಕ್ಕತಂಗಿಯರು ಬಡಮಕ್ಕಳಿಗಾಗಿ ಚಿಕಿತ್ಸಾಲಯ ತೆರೆದರು. ಅಲ್ಲಿ ಹಲ್ಲಿನ ಚಿಕಿತ್ಸೆಯೂ ಸಿಗುತ್ತಿತ್ತು. 1931ರಲ್ಲಿ ಗ್ರೇಸ್ ಇನ್ ರೋಡಿನಲ್ಲಿ ಈಸ್ಟ್‌ಮನ್ ದಂತ ಚಿಕಿತ್ಸಾಲಯ ಪ್ರಾರಂಭವಾಯಿತು. ಕೊಡಾಕ್ ಕ್ಯಾಮೆರಾದ ಜಾರ್ಜ್ ಈಸ್ಟ್‌ಮನ್ ಕೊಟ್ಟ ಹಣದಲ್ಲಿ ಬಡಮಕ್ಕಳ ಹಲ್ಲಿಗಾಗಿ ಕಟ್ಟಿದ್ದು ಅದು. ಈಗ ಆ ಆಸ್ಪತ್ರೆ ಹಂಟ್ಲಿ ಸ್ಟ್ರೀಟಿನ ಹೊಸ ಕಟ್ಟಡಕ್ಕೆ ಹೋಗಿದೆ.

ಇಲ್ಲಿ ಗಮನಿಸಬೇಕಾದ್ದು ಇಷ್ಟು: ಹಲ್ಲು ಕೆಟ್ಟ ಮೇಲೆ ಕೀಳುವುದಕ್ಕಿಂತ ಚಿಕ್ಕಂದಿನಲ್ಲೇ ನೋಡುವುದು ಅಗ್ಗವೆಂಬುದು ನೂರು ವರ್ಷದ ಹಿಂದೆಯೇ ಲಂಡನ್ನಿಗೆ ಗೊತ್ತಾಗಿತ್ತು.

ಮಂತ್ರಿಯ ಕುರ್ಚಿ ಹೋದ ಕಥೆ

1948ರ ಜುಲೈ 5ರಂದು ರಾಷ್ಟ್ರೀಯ ಆರೋಗ್ಯ ಸೇವೆ, ಅಂದರೆ ನಮ್ಮ ನಿಮ್ಮ ಎನ್.ಎಚ್.ಎಸ್. ಆರಂಭವಾಯಿತು. ಅದರ ಶಿಲ್ಪಿ ಅನ್ಯೂರಿನ್ ಬೆವನ್, ವೇಲ್ಸಿನ ಗಣಿ ಕಾರ್ಮಿಕರ ಮನೆಯಿಂದ ಬಂದವರು. ವೈದ್ಯರು, ಔಷಧಿ, ಕನ್ನಡಕ, ಹಲ್ಲು, ಎಲ್ಲವೂ ಉಚಿತ. ಬಾಗಿಲು ತೆರೆದ ಕೂಡಲೇ ದಂತವೈದ್ಯರ ಮುಂದೆ ಜನ ಕಿಕ್ಕಿರಿದರು. ವರ್ಷಗಟ್ಟಲೆ ನೋವು ನುಂಗಿಕೊಂಡಿದ್ದವರೆಲ್ಲ ಒಟ್ಟಿಗೆ ಬಂದದ್ದರಿಂದ ಸರ್ಕಾರ ಹಾಕಿದ ಅಂದಾಜು ಎಲ್ಲಿಯೋ ಉಳಿಯಿತು, ಖರ್ಚು ಎಲ್ಲಿಗೋ ಹೋಯಿತು. ಹಳೆಯ ಸಾಲವೆಲ್ಲ ಬಡ್ಡಿ ಸಮೇತ ಒಂದೇ ಸಲ ಬಾಗಿಲಿಗೆ ಬಂದಂತಾಯಿತು.

ಮೂರು ವರ್ಷವೂ ತುಂಬಲಿಲ್ಲ. ಕೊರಿಯಾ ಯುದ್ಧಕ್ಕಾಗಿ ಶಸ್ತ್ರಾಸ್ತ್ರದ ಖರ್ಚು ಏರಿತ್ತು. 1951ರ ಏಪ್ರಿಲ್ ಬಜೆಟ್ಟಿನಲ್ಲಿ ಹಣಕಾಸು ಮಂತ್ರಿ ಹ್ಯೂ ಗೇಟ್ಸ್‌ಕೆಲ್ ಕಟ್ಟಿಸಿದ ಹಲ್ಲು ಮತ್ತು ಕನ್ನಡಕಗಳ ಬೆಲೆಯಲ್ಲಿ ಸುಮಾರು ಅರ್ಧವನ್ನು ರೋಗಿಯೇ ಕೊಡಬೇಕೆಂದರು. ಮೊದಲ ವರ್ಷ ಇದರಿಂದ ಉಳಿಯಬಹುದೆಂದು ಎಣಿಸಿದ್ದು 13 ಮಿಲಿಯ ಪೌಂಡ್. ಅಷ್ಟು ಹಣಕ್ಕಾಗಿ ಉಚಿತ ಸೇವೆಯ ತತ್ವವನ್ನೇ ಬಿಡುವುದೇ ಎಂದು ಬೆವನ್ ಅದೇ ತಿಂಗಳು ಮಂತ್ರಿಮಂಡಲಕ್ಕೆ ರಾಜೀನಾಮೆ ಕೊಟ್ಟರು. ಅವರ ಹಿಂದೆಯೇ ಹೊರಬಂದವರಲ್ಲಿ ಮುಂದೆ ಪ್ರಧಾನಿಯಾದ ಹೆರಾಲ್ಡ್ ವಿಲ್ಸನ್ ಒಬ್ಬರು. ಅದೇ ವರ್ಷ ಲೇಬರ್ ಪಕ್ಷ ಅಧಿಕಾರವನ್ನೂ ಕಳೆದುಕೊಂಡಿತು. 1952ರಲ್ಲಿ ಹೊಸ ಸರ್ಕಾರ ಹಲ್ಲಿನ ಚಿಕಿತ್ಸೆಗೆ 1 ಪೌಂಡ್ ಶುಲ್ಕ ವಿಧಿಸಿತು. ಅಂದಿನಿಂದ ಇಂದಿನವರೆಗೆ ದೊಡ್ಡವರಿಗೆ ಹಲ್ಲಿನ ಸೇವೆ ಪೂರ್ತಿ ಉಚಿತವಾಗಿ ಸಿಕ್ಕಿಲ್ಲ. ಜಿ.ಪಿ.ಯನ್ನು ಕಾಣಲು ಕಾಸು ಬೇಡ, ಹಲ್ಲಿಗೆ ಏಕೆ ಬೇಕು ಎಂದು ಹೊಸದಾಗಿ ಬಂದವರು ಕೇಳಿದರೆ ಉತ್ತರ ಇದೇ.

1968ರಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಸಮೀಕ್ಷೆ ನಡೆಸಿದಾಗ ನೂರಕ್ಕೆ 37 ಮಂದಿ ವಯಸ್ಕರ ಬಾಯಲ್ಲಿ ಒಂದೇ ಒಂದು ಸ್ವಂತ ಹಲ್ಲಿರಲಿಲ್ಲ. ಹಳೆಯ 'ಒಮ್ಮೆಗೇ ಮುಗಿಸುವ' ಲೆಕ್ಕದ ಫಲ ಅದು. 1970ರ ದಶಕದಲ್ಲಿ ಫ್ಲೋರೈಡ್ ಬೆರೆಸಿದ ಪೇಸ್ಟು ಮನೆಮನೆಗೆ ಬಂತು, ಕೀಳುವ ಬದಲು ತುಂಬುವ ರೂಢಿ ಬೆಳೆಯಿತು. 2009ರ ಸಮೀಕ್ಷೆಯ ಹೊತ್ತಿಗೆ ಆ 37 ನೂರಕ್ಕೆ 6ಕ್ಕೆ ಇಳಿದಿತ್ತು.

ನಮ್ಮವರು ಬಂದ ಕಾಲ

1960 ಮತ್ತು 70ರ ದಶಕಗಳಲ್ಲಿ ಮೈಸೂರು, ಬೆಂಗಳೂರು, ಹುಬ್ಬಳ್ಳಿ, ಮಣಿಪಾಲಗಳಲ್ಲಿ ಓದಿದ ವೈದ್ಯರು ಇಲ್ಲಿಯ ಆಸ್ಪತ್ರೆಗಳಿಗೆ ಬಂದರು. ಅವರ ಕಾಲದಲ್ಲಿ ಬೀದಿಗೊಬ್ಬ ಎನ್.ಎಚ್.ಎಸ್. ದಂತವೈದ್ಯ ಸಿಗುತ್ತಿದ್ದ, ಶುಲ್ಕವೂ ಹಗುರವಾಗಿತ್ತು ಎಂದು ಹಿರಿಯರು ನೆನೆಸಿಕೊಳ್ಳುತ್ತಾರೆ. ಆಮೇಲೆ ಗಾಳಿ ತಿರುಗಿತು. 1989ರಿಂದ ಬರೀ ತಪಾಸಣೆಗೂ ಶುಲ್ಕ ಬಂತು. 1990ರಲ್ಲಿ ದಂತವೈದ್ಯರಿಗೆ ಹೊಸ ಕರಾರು ಬಂತು. 1992ರಲ್ಲಿ ಸರ್ಕಾರ ಅವರ ಸಂಭಾವನೆಯನ್ನು ನೂರಕ್ಕೆ 7ರಷ್ಟು ಕಡಿತ ಮಾಡಿತು. ಮುನಿಸಿಕೊಂಡ ಅನೇಕರು ವಯಸ್ಕ ರೋಗಿಗಳನ್ನು ಖಾಸಗಿ ಪದ್ಧತಿಗೆ ದಾಟಿಸಿದರು. ಸರ್ಕಾರದ ಆ ಉಳಿತಾಯದ ಬಡ್ಡಿಯನ್ನು ಕಟ್ಟುತ್ತಿರುವವರು ರೋಗಿಗಳು. 2004ರಲ್ಲಿ ಯಾರ್ಕ್‌ಶೈರಿನ ಸ್ಕಾರ್ಬರೋದಲ್ಲಿ ಹೊಸ ಎನ್.ಎಚ್.ಎಸ್. ದಂತವೈದ್ಯರ ಬಳಿ ಹೆಸರು ಬರೆಸಲು ನೂರಾರು ಜನ ರಸ್ತೆಯುದ್ದ ನಿಂತರು. ಇಪ್ಪತ್ತು ವರ್ಷದ ಮೇಲೆ, 2024ರ ಫೆಬ್ರವರಿಯಲ್ಲಿ, ಬ್ರಿಸ್ಟಲ್ಲಿನಲ್ಲಿ ಅದೇ ಸಾಲು ಮತ್ತೆ ಕಾಣಿಸಿತು.

ಇತ್ತ ಐ.ಟಿ. ಕೆಲಸಕ್ಕೆ ಬಂದ ನಮ್ಮ ಕಿರಿಯ ಕುಟುಂಬಗಳು ಹ್ಯಾರೋ, ಹೌನ್ಸ್ಲೋ, ಇಲ್‌ಫರ್ಡ್, ಕ್ರಾಯ್ಡನ್ ಕಡೆ ಮನೆ ಮಾಡಿದಾಗ ಕೇಳಿದ್ದು 'ಈಗ ಹೊಸಬರನ್ನು ತೆಗೆದುಕೊಳ್ಳುತ್ತಿಲ್ಲ' ಎಂಬ ಉತ್ತರ. ಬೆಂಗಳೂರಿನ ದಾರಿ ಹಿಡಿದದ್ದು ಸಹಜವೇ.

ಊರಿನ ದಾರಿ

ಊರಿನಲ್ಲಿ ನಾವು ಹಲ್ಲಿಗೆ ಖರ್ಚು ಮಾಡಿದವರೇ ಅಲ್ಲ. ಬೇವಿನ ಕಡ್ಡಿ, ಇದ್ದಿಲು, ಉಪ್ಪು. ಸ್ವಲ್ಪ ಅನುಕೂಲಸ್ಥರಾದರೆ ನಂಜನಗೂಡು ಹಲ್ಲುಪುಡಿ. ಬಿ.ವಿ. ಪಂಡಿತರು 1913ರಲ್ಲಿ ನಂಜನಗೂಡಿನಲ್ಲಿ ಸ್ಥಾಪಿಸಿದ ಸದ್ವೈದ್ಯಶಾಲೆಯ ಆ ಗುಲಾಬಿ ಪುಡಿಯನ್ನು ಅಂಗೈಯಲ್ಲಿ ಹಾಕಿಕೊಂಡು ಹಿತ್ತಲಿನ ಕಟ್ಟೆಯ ಮೇಲೆ ಕೂತು ತಿಕ್ಕದ ಮನೆಗಳು ಹಳೇ ಮೈಸೂರಿನಲ್ಲಿ ಕಡಿಮೆ.

1958ರಲ್ಲಿ ಬೆಂಗಳೂರಿನಲ್ಲಿ ಸರ್ಕಾರಿ ದಂತವೈದ್ಯ ಕಾಲೇಜು ಆರಂಭವಾಯಿತು. 1965ರಲ್ಲಿ ಡಾ. ಟಿ.ಎಂ.ಎ. ಪೈಯವರ ಮಣಿಪಾಲದಲ್ಲಿ ಇನ್ನೊಂದು ಹುಟ್ಟಿತು. 1980ರ ದಶಕದಿಂದೀಚೆಗೆ ದಾವಣಗೆರೆ, ಮಂಗಳೂರು, ಧಾರವಾಡ ಎಂದು ರಾಜ್ಯದ ತುಂಬ ಕಾಲೇಜುಗಳಾದವು. ಹೀಗಾಗಿ ಬೆಂಗಳೂರಿನ ಬಡಾವಣೆಗಳಲ್ಲಿ ರಸ್ತೆಗೆ ಎರಡು ಹಲ್ಲಿನ ಕ್ಲಿನಿಕ್ಕುಗಳು. ವೈದ್ಯರು ಹೆಚ್ಚು, ಕೂಲಿ ಬಾಡಿಗೆಗಳು ಇಲ್ಲಿಗಿಂತ ಕಡಿಮೆ. ಅಲ್ಲಿಯ ಅಗ್ಗಕ್ಕೆ ಇದು ಕಾರಣ. ಕೆಲಸ ಕೀಳೆಂಬ ಅರ್ಥವಲ್ಲ. ಅಲ್ಲಿ ಓದಿದವರೇ ಪರೀಕ್ಷೆ ಪಾಸು ಮಾಡಿ ಇಲ್ಲಿ ನಮ್ಮ ಹಲ್ಲು ನೋಡುತ್ತಿದ್ದಾರೆ.

ಆದ್ದರಿಂದ ಊರಿನಲ್ಲಿ ಚಿಕಿತ್ಸೆ ಮಾಡಿಸಬೇಡಿ ಎಂದು ನಾವು ಹೇಳುವುದಿಲ್ಲ. ಆದರೆ ಮೂರು ಸಂಗತಿಗಳನ್ನು ಮೊದಲೇ ಯೋಚಿಸಿ. ಒಂದು, ನೋವಿಲ್ಲದ, ಆತುರವಿಲ್ಲದ ಕೆಲಸಕ್ಕೆ ಆ ದಾರಿ ಒಳ್ಳೆಯದು. ನೋವು, ಬಾವು, ಕೀವು ಇದ್ದರೆ ಡಿಸೆಂಬರಿನವರೆಗೆ ಕಾಯಬಾರದು. ಬಾವು ಹಲ್ಲಿನಿಂದ ಮುಖಕ್ಕೆ, ಕುತ್ತಿಗೆಗೆ ಇಳಿದರೆ ಜೀವಕ್ಕೇ ಅಪಾಯ. ಎರಡು, ಮೂರು ವಾರದ ರಜೆಯಲ್ಲಿ ಎಲ್ಲವೂ ಮುಗಿಯುವುದಿಲ್ಲ. ಇಂಪ್ಲಾಂಟ್ ಹಾಕಿಸಿದರೆ ಅದು ದವಡೆಯ ಎಲುಬಿಗೆ ಕೂಡಿಕೊಳ್ಳಲು ಸಾಮಾನ್ಯವಾಗಿ ತಿಂಗಳುಗಳೇ ಬೇಕು. ಮದುವೆ, ಗೃಹಪ್ರವೇಶಗಳ ನಡುವೆ ಅವಸರದಲ್ಲಿ ಮಾಡಿಸಿದ ಕೆಲಸವನ್ನು ಲಂಡನ್ನಿಗೆ ಬಂದು ಬಿಚ್ಚಿಸಿದರೆ ಎರಡು ಸಲ ದುಡ್ಡು. ಮೂರು, ಇಲ್ಲಿಯ ಎಕ್ಸ್‌ರೇ ಪ್ರತಿ ಕೊಂಡೊಯ್ಯಿರಿ, ಅಲ್ಲಿ ಮಾಡಿದ್ದನ್ನು ಬರೆಸಿಕೊಂಡು ಬನ್ನಿ.

ಇಂದಿನ ಲೆಕ್ಕ

ಈಗ ಇಲ್ಲಿಯ ದರಗಳಿಗೆ ಬರೋಣ. 2006ರ ಏಪ್ರಿಲಿನವರೆಗೆ ನಾನೂರಕ್ಕೂ ಹೆಚ್ಚು ಬಗೆಯ ಚಿಕಿತ್ಸೆಗೆ ಬೇರೆ ಬೇರೆ ದರಗಳಿದ್ದು, ರೋಗಿ ನೂರಕ್ಕೆ 80ರಷ್ಟು ಕೊಡಬೇಕಿತ್ತು. ಆಮೇಲೆ ಅದನ್ನು ಮೂರು ಬ್ಯಾಂಡುಗಳಿಗೆ ಇಳಿಸಿದರು. ಮೊದಲನೆಯದು ತಪಾಸಣೆ, ಎಕ್ಸ್‌ರೇ, ಅಗತ್ಯವಿದ್ದರೆ ಶುಚಿ ಮಾಡುವುದು. ಎರಡನೆಯದು ಫಿಲ್ಲಿಂಗ್, ರೂಟ್ ಕೆನಾಲ್, ಹಲ್ಲು ಕೀಳುವುದು. ಮೂರನೆಯದು ಕ್ಯಾಪು, ಬ್ರಿಡ್ಜು, ಸೆಟ್ಟು. 2006ರಲ್ಲಿ ಇವುಗಳ ದರ 15.50, 42.40 ಮತ್ತು 189 ಪೌಂಡ್. 2025ರ ಏಪ್ರಿಲಿನಲ್ಲಿ ಇಂಗ್ಲೆಂಡಿನಲ್ಲಿ ನಿಗದಿಯಾದದ್ದು 27.40, 75.30 ಮತ್ತು 326.70 ಪೌಂಡ್.

ಈ ಅಂಕಿಗಳಲ್ಲೇ ಪಾಠವಿದೆ. ಇಂದು ಫಿಲ್ಲಿಂಗಿನಲ್ಲಿ ಮುಗಿಯುವ ಹಲ್ಲನ್ನು ಮುಂದೂಡಿ, ನಾಳೆ ಅದಕ್ಕೆ ಕ್ಯಾಪು ಬೇಕಾದರೆ 2025ರ ದರದಲ್ಲಿ 75.30ರ ಜಾಗದಲ್ಲಿ 326.70, ಅಂದರೆ 251.40 ಪೌಂಡ್ ಹೆಚ್ಚು. ಖಾಸಗಿಯಲ್ಲಾದರೆ ಅದಕ್ಕೆ ಮಿತಿಯೇ ಇಲ್ಲ. 'ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ಯಾಕೆ' ಎಂದು ನಮ್ಮ ಅಜ್ಜಿಯರು ಹೇಳಿದ್ದು ಹಲ್ಲಿಗೂ ಸರಿಯೇ.

ಇನ್ನು ಅನೇಕರಿಗೆ ತಿಳಿಯದ ಕೆಲವು ನಿಯಮಗಳು. ಒಂದು ಸರದಿಯ ಚಿಕಿತ್ಸೆಗೆ ಒಂದೇ ಶುಲ್ಕ. ತಪಾಸಣೆ ಮಾಡಿ ಮೂರು ಫಿಲ್ಲಿಂಗ್ ಹಾಕಿದರೂ ಒಟ್ಟು ಎರಡನೆಯ ಬ್ಯಾಂಡಿನ ದರವಷ್ಟೇ, ಮೂರರಷ್ಟಲ್ಲ. ಚಿಕಿತ್ಸೆ ಮುಗಿದ ಎರಡು ತಿಂಗಳೊಳಗೆ ಅದೇ ವೈದ್ಯರಲ್ಲಿ ಅದೇ ಬ್ಯಾಂಡಿನ ಅಥವಾ ಕೆಳಗಿನ ಬ್ಯಾಂಡಿನ ಕೆಲಸ ಬಂದರೆ ಮತ್ತೆ ಶುಲ್ಕವಿಲ್ಲ. ಹಾಕಿದ ಫಿಲ್ಲಿಂಗ್ ಅಥವಾ ಕ್ಯಾಪು ಹನ್ನೆರಡು ತಿಂಗಳೊಳಗೆ ಬಿದ್ದರೆ ಅದೇ ವೈದ್ಯರು ಸಾಮಾನ್ಯವಾಗಿ ಉಚಿತವಾಗಿ ಸರಿಪಡಿಸಬೇಕು. ಎರಡನೆಯ ಅಥವಾ ಮೂರನೆಯ ಬ್ಯಾಂಡಿನ ಕೆಲಸವಾದರೆ ಶುರು ಮಾಡುವ ಮುನ್ನ ಯಾವುದು ಎನ್.ಎಚ್.ಎಸ್., ಯಾವುದು ಖಾಸಗಿ, ಎಷ್ಟು ದುಡ್ಡು ಎಂದು ಬರೆದ ಯೋಜನೆ ಕೊಡಬೇಕು. ಸಂಕೋಚವಿಲ್ಲದೆ ಕೇಳಿ ಪಡೆಯಿರಿ. ಜಿ.ಪಿ.ಯಂತೆ ದಂತವೈದ್ಯರಿಗೆ ಬಡಾವಣೆಯ ಗಡಿಯಿಲ್ಲ. ಹ್ಯಾರೋದಲ್ಲಿ ಜಾಗವಿಲ್ಲವೆಂದರೆ ಈಲಿಂಗಿನಲ್ಲಿ ವಿಚಾರಿಸಬಹುದು. ತುರ್ತಾದರೆ 111ಕ್ಕೆ ಫೋನು ಮಾಡಿ.

ಶುಲ್ಕವಿಲ್ಲದವರು ಯಾರು? 18ರ ಕೆಳಗಿನ ಮಕ್ಕಳು, ಪೂರ್ಣಾವಧಿ ಓದುತ್ತಿರುವ 19ರ ಕೆಳಗಿನವರು, ಗರ್ಭಿಣಿಯರು ಮತ್ತು ಹೆರಿಗೆಯಾಗಿ ಹನ್ನೆರಡು ತಿಂಗಳಾಗದ ತಾಯಂದಿರು, ಪೆನ್ಷನ್ ಕ್ರೆಡಿಟ್ಟಿನ ಗ್ಯಾರಂಟಿ ಭಾಗ ಪಡೆಯುವವರು, ಮತ್ತು ನಿಗದಿತ ಮಿತಿಯೊಳಗಿನ ವರಮಾನವಿದ್ದು ಯೂನಿವರ್ಸಲ್ ಕ್ರೆಡಿಟ್ ಪಡೆಯುವವರು. ಉಳಿದ ಕಡಿಮೆ ವರಮಾನದವರು ಎಚ್.ಸಿ.1 ಅರ್ಜಿ ತುಂಬಿದರೆ ಪೂರ್ತಿ ಅಥವಾ ಅರೆ ಸಹಾಯ ಸಿಗಬಹುದು.

ಹಿರಿಯರು ದಯವಿಟ್ಟು ಇದನ್ನು ಗಮನಿಸಿ: ಅರವತ್ತು ತುಂಬಿದರೆ ಇಂಗ್ಲೆಂಡಿನಲ್ಲಿ ಔಷಧಿ ಉಚಿತ, ಕಣ್ಣಿನ ತಪಾಸಣೆ ಉಚಿತ, ಹಲ್ಲು ಮಾತ್ರ ಅಲ್ಲ. ವಯಸ್ಸಿನ ಮೇಲೆ ತಿಳಿಯದೆ ಉಚಿತದ ಕಡೆ ಟಿಕ್ ಹಾಕಿದರೆ ಶುಲ್ಕದ ಜೊತೆಗೆ 100 ಪೌಂಡಿನವರೆಗೆ ದಂಡ ಬೀಳಬಹುದು.

ಸಮಯವಿದ್ದವರಿಗೆ ಇನ್ನೊಂದು ದಾರಿಯೂ ಇದೆ. ಲಂಡನ್ ಬ್ರಿಡ್ಜಿನ ಗೈಸ್, ಡೆನ್ಮಾರ್ಕ್ ಹಿಲ್ಲಿನ ಕಿಂಗ್ಸ್, ವೈಟ್‌ಚಾಪೆಲ್ಲಿನ ರಾಯಲ್ ಲಂಡನ್ ಇವುಗಳ ದಂತ ಶಾಲೆಗಳಲ್ಲಿ ಅಧ್ಯಾಪಕರ ಮೇಲ್ವಿಚಾರಣೆಯಲ್ಲಿ ವಿದ್ಯಾರ್ಥಿಗಳು ಮಾಡುವ ಚಿಕಿತ್ಸೆಗೆ ಶುಲ್ಕವಿಲ್ಲ. ತಮ್ಮ ಕಲಿಕೆಗೆ ಹೊಂದುವ ರೋಗಿಗಳನ್ನಷ್ಟೇ ಆರಿಸುತ್ತಾರೆ, ಹೊತ್ತೂ ಹೆಚ್ಚು ಹಿಡಿಯುತ್ತದೆ. ಹಾಗೆಯೇ ಆರು ತಿಂಗಳಿಗೊಮ್ಮೆ ಎಲ್ಲರೂ ಹೋಗಲೇಬೇಕೆಂಬ ನಿಯಮವಿಲ್ಲ. 2004ರಿಂದ ಬಂದ ಸೂಚನೆಯಂತೆ ವಯಸ್ಕರಿಗೆ ಬಾಯಿಯ ಸ್ಥಿತಿ ನೋಡಿ ಮೂರು ತಿಂಗಳಿಂದ ಎರಡು ವರ್ಷದವರೆಗೆ ಅಂತರವಿಡಬಹುದು. ನಿಮಗೆ ಎಷ್ಟು ಎಂದು ವೈದ್ಯರನ್ನೇ ಕೇಳಿ.

ಖರ್ಚೇ ಇಲ್ಲದ ಮದ್ದು

ಹಲವು ವರ್ಷಗಳಿಂದ ಇಂಗ್ಲೆಂಡಿನಲ್ಲಿ 5ರಿಂದ 9 ವರ್ಷದ ಮಕ್ಕಳು ಆಸ್ಪತ್ರೆಗೆ ಸೇರಲು ಅತಿ ಸಾಮಾನ್ಯ ಕಾರಣ ಹಲ್ಲಿನ ಹುಳುಕು. ಚಿಕಿತ್ಸೆ ಮಕ್ಕಳಿಗೆ ಉಚಿತವಾಗಿದ್ದೂ ಹೀಗೆ. ಬರ್ಮಿಂಗ್‌ಹ್ಯಾಮಿನಲ್ಲಿ 1964ರಿಂದ ನೀರಿಗೆ ಫ್ಲೋರೈಡ್ ಬೆರೆಸುತ್ತಾರೆ, ಲಂಡನ್ನಿನಲ್ಲಿ ಬೆರೆಸುವುದಿಲ್ಲ. ನಮ್ಮ ಪಾವಗಡ, ಬಾಗೇಪಲ್ಲಿ ಕಡೆಯ ಕೊಳವೆಬಾವಿಯ ನೀರಿನಲ್ಲಿ ಅದು ವಿಪರೀತವಾಗಿ ಹಲ್ಲು ಕಂದಾಗುತ್ತದೆ. ಇಲ್ಲಿ ಪೇಸ್ಟಿನಿಂದಲೇ ಪಡೆಯಬೇಕು. ಹಳೆಯ ಹಲ್ಲುಪುಡಿಗಳಲ್ಲಿ ಅದು ಇರಲಿಲ್ಲ. ರಾತ್ರಿ ಮಲಗುವ ಮುಂಚೆ ಒಮ್ಮೆ, ಹಗಲು ಇನ್ನೊಮ್ಮೆ ಉಜ್ಜಿ, ನೊರೆ ಉಗುಳಿ, ಬಾಯಿ ಮುಕ್ಕಳಿಸದೆ ಬಿಡಬೇಕು. ಉಜ್ಜಿದ ಮೇಲೆ ಚೆನ್ನಾಗಿ ಮುಕ್ಕಳಿಸುವ ನಮ್ಮ ಅಭ್ಯಾಸ ಫ್ಲೋರೈಡನ್ನು ತೊಳೆದುಬಿಡುತ್ತದೆ.

ಸಿಹಿಯ ವಿಷಯವಾಗಿ ಸ್ವೀಡನ್ನಿನ ವಿಪೆಹೋಲ್ಮ್ ಎಂಬಲ್ಲಿ 1940ರ ದಶಕದಲ್ಲಿ ನಡೆಸಿದ ಪ್ರಯೋಗವೊಂದಿದೆ. ಬುದ್ಧಿಮಾಂದ್ಯರ ಆಸ್ಪತ್ರೆಯಲ್ಲಿದ್ದ ನಿರುಪಾಯ ಜನರಿಗೆ ಅಂಟು ಮಿಠಾಯಿ ತಿನ್ನಿಸಿ ಅವರ ಹಲ್ಲು ಕೆಡಿಸಿದ ಪಾಪ ಅದು. ಅವರ ಬಾಯಿಂದ ಜಗತ್ತು ಕಲಿತದ್ದು, ಊಟದ ಜೊತೆ ತಿಂದ ಸಿಹಿಗಿಂತ ಊಟದ ನಡುನಡುವೆ ತಿಂದ ಅಂಟು ಸಿಹಿ ಬಹಳ ಹೆಚ್ಚು ಕೇಡು ಎಂಬುದು. ಆದ್ದರಿಂದ ಹಬ್ಬದ ಎಲೆಯ ಮೇಲಿನ ಹೋಳಿಗೆಗೆ ಯಾರೂ ಹೆದರಬೇಕಿಲ್ಲ. ಹೆದರಬೇಕಾದ್ದು ಕಾರಿನ ಹಿಂದಿನ ಸೀಟಿನಲ್ಲಿ ದಿನವಿಡೀ ಖಾಲಿಯಾಗುವ ಮಿಠಾಯಿ ಪೊಟ್ಟಣಕ್ಕೆ ಮತ್ತು ಜ್ಯೂಸಿನ ಬಾಟಲಿಗೆ.

ಈ ನಗರದಲ್ಲಿ ಹಿಂದೆ ಜನ ಹಲ್ಲು ಕೀಳಿಸಿಕೊಂಡದ್ದು ಬೇರೆ ಗತಿಯಿಲ್ಲದೆ. ನಮಗೆ ಗತಿ ಇದೆ, ಸ್ವಲ್ಪ ಹುಡುಕಬೇಕು ಅಷ್ಟೇ. ಮನೆಯಲ್ಲಿ ಸೊಸೆ ಗರ್ಭಿಣಿಯಾಗಿದ್ದರೆ ಈ ವಾರವೇ ಅವರ ಮೆಟರ್ನಿಟಿ ಸರ್ಟಿಫಿಕೇಟ್ ತರಿಸಿ ತಪಾಸಣೆಗೆ ಕಳಿಸಿ. ಮಕ್ಕಳನ್ನು ಹದಿನೆಂಟು ತುಂಬುವ ಮುನ್ನ ಒಮ್ಮೆ ತೋರಿಸಿ. ಅಜ್ಜ ಒಂದೇ ಕಡೆ ಅಗಿಯುತ್ತಿದ್ದರೆ ಏಕೆಂದು ಕೇಳಿ. ಅರ್ಜಿ ತುಂಬಲು ಇಂಗ್ಲಿಷ್ ತೊಡಕಾದ ಹಿರಿಯರಿಗೆ ಮುಂದಿನ ಕೂಟದಲ್ಲಿ ಪಕ್ಕದಲ್ಲಿ ಕೂತು ಸಹಾಯ ಮಾಡುವವರು ನಮ್ಮ ಬಳಗದಲ್ಲಿ ಖಂಡಿತ ಸಿಗುತ್ತಾರೆ. ಕಡಲೆಯೂ ಇರಲಿ, ಹಲ್ಲೂ ಇರಲಿ.